ಮುಂದಿನ ಎಡಗಾಲಿನ ಊನ

ತಮಗೆ ಮೋಸವಾಯಿತು ಎಂದು ಹೇಳಿಕೊಳ್ಳುವವರು ಊರ ತುಂಬ ಸಿಗುತ್ತಾರೆ. ಬೇಡ ಎಂದವರ ಬಾಯಿ ಮುಚ್ಚಿಸಿ, ನಾನೇ ಮುಂದೆ ನಿಂತು, ಹಣೆಗೆ ಕುಂಕುಮ ಹಚ್ಚಿ ಮೋಸವನ್ನು ಮನೆಗೆ ಕರೆತಂದೆ ಎಂದು ಒಪ್ಪಿಕೊಳ್ಳುವವರು ಮಾತ್ರ ಅಪರೂಪ. ನಾನು ಆ ಅಪರೂಪದವರ ಪೈಕಿ. ಹಾಗೆಂದು ನನ್ನನ್ನು ದೊಡ್ಡ ಮನಸ್ಸಿನವನೆಂದು ತಿಳಿಯಬೇಡಿ. ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು, ಅದೂ ಒಪ್ಪಿಕೊಳ್ಳದೆ ಬೇರೆ ದಾರಿಯೇ ಇಲ್ಲದಂತಾದಾಗ. ಅಷ್ಟರೊಳಗೆ ಓಡಾಡಲು ಒಂದು ಓರೆ ಕಾರು ಉಳಿದಿತ್ತು, ಹೋಗಬಾರದ ಒಬ್ಬ ಮನುಷ್ಯ ಕೈಬಿಟ್ಟು ಹೋಗಿದ್ದ.

ನಾನು ಮೂಡಲಗಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಕಣ್ಣು ನನ್ನ ಕಸುಬು. ನಮ್ಮಪ್ಪ ಗೋಕಾಕದಲ್ಲಿ ಮರದಲ್ಲಿ ಕೆತ್ತಿದ ಹಣ್ಣುಗಳಿಗೆ ಬಣ್ಣ ಬಳಿಯುತ್ತಿದ್ದ. ಅವನು ಮಾಡಿದ ಪೇರಲಹಣ್ಣನ್ನು ಬಂದ ಬೀಗರು ನಿಜವೆಂದು ಕಚ್ಚಿ, ಹಲ್ಲು ಹಿಡಿದುಕೊಂಡು ಕುಳಿತದ್ದನ್ನು ನಾನೇ ನೋಡಿದ್ದೇನೆ. ಮರದಲ್ಲಿ ಬಿರುಕು ಬಂದರೆ ಅಪ್ಪ ಅದಕ್ಕೆ ಮಣ್ಣು ಮೆತ್ತಿ, ಮೇಲೆ ಎರಡು ಕೈ ಹೆಚ್ಚಿಗೆ ಬಣ್ಣ ಹೊಡೆಯುತ್ತಿದ್ದ. ಬುಟ್ಟಿಯಲ್ಲಿ ಎಲ್ಲಕ್ಕಿಂತ ಹೊಳೆಯುವ ಮಾವಿನಹಣ್ಣು ಯಾವುದೋ ಅದೇ ಒಡೆದ ಹಣ್ಣು ಎಂಬುದು ನನಗೆ ಐದನೆಯ ವಯಸ್ಸಿಗೇ ಗೊತ್ತಿತ್ತು. ಇಷ್ಟು ವಿದ್ಯೆ ತಲೆಯಲ್ಲಿಟ್ಟುಕೊಂಡು ನಾನು ಕಾರು ಕೊಳ್ಳಲು ಹೋದೆ. ತಲೆಯ ಮಾತು ಬಂದಾಗ ಇನ್ನೊಂದು ಹೇಳಿಬಿಡುತ್ತೇನೆ: ತಲೆಗೂ ಮೀಸೆಗೂ ನಾನು ಹದಿನೈದು ದಿನಕ್ಕೊಮ್ಮೆ ಕರಿ ಬಣ್ಣ ಹಚ್ಚುತ್ತೇನೆ. ಸ್ವತಃ ಹಚ್ಚಿಕೊಳ್ಳುತ್ತೇನೆ, ಕಸುಬುದಾರನಾದ್ದರಿಂದ ಗೊತ್ತಾಗದಂತೆ ಹಚ್ಚುತ್ತೇನೆ. ಯಾರಿಗೂ ಗೊತ್ತಿಲ್ಲ ಎಂದೇ ನನ್ನ ನಂಬಿಕೆಯಾಗಿತ್ತು.

ಕಾರು ಬೇಕಾದದ್ದು ನನ್ನ ಹೆಂಡತಿ ಸುವರ್ಣಾಳಿಗೆ. ಅವಳು ಅರಭಾವಿ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಬೆಳಗಿನ ಬಸ್ಸಿನಲ್ಲಿ ಕಾಲೇಜಿನ ಹುಡುಗರೆಲ್ಲ ಹತ್ತಿದ ಮೇಲೆ ಉಳಿಯುವ ಜಾಗದಲ್ಲಿ ಒಂದು ಕಾಲು ನಿಲ್ಲಬಹುದು, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಳ್ಳಬೇಕು. ಒಂದು ದಿನ ಅವಳು ಮನೆಗೆ ಬಂದು, ಹರಿದ ಚಪ್ಪಲಿಯನ್ನು ನನ್ನ ಮುಂದಿಟ್ಟು, "ನನಗೂ ಗಾಡಿ ಹೊಡ್ಯಾಕ ಬರತೈತಿ, ಲೈಸನ್ಸೂ ಐತಿ. ಗಾಡಿ ಒಂದ ಇಲ್ಲ" ಎಂದಳು. ಹೊಸ ಕಾರಿನ ಯೋಗ್ಯತೆ ನಮಗಿರಲಿಲ್ಲ. ಆದ್ದರಿಂದ ಒಂದು ರವಿವಾರ ಹುಕ್ಕೇರಿಯ ಏಜಂಟನೊಬ್ಬನ ಅಂಗಳಕ್ಕೆ ಹೊರಟೆವು.

ಆ ಅಂಗಳದಲ್ಲಿ ಇಪ್ಪತ್ತು ಕಾರು ನಿಂತಿದ್ದವು. ಏಜಂಟ ನಮ್ಮನ್ನು ಬಿಳಿ ಕಾರೊಂದರ ಮುಂದೆ ನಿಲ್ಲಿಸಿ, ಗುಡಿಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ: "ಲೇಡಿ ಡಾಕ್ಟರ್ ಗಾಡಿರಿ ಸರ. ಒಬ್ಬರ ಕೈಯಾಗ ಓಡಿದ್ದು. ಮನಿಯಿಂದ ದವಾಖಾನಿ, ದವಾಖಾನಿಯಿಂದ ಮನಿ. ಮಳಿಯಾಗ ಹೊರಗ ತಗದಿಲ್ರಿ." ಪಕ್ಕದ ಕೆಂಪು ಕಾರು ಯಾರದೆಂದು ಕೇಳಿದೆ. ಅದೂ ಲೇಡಿ ಡಾಕ್ಟರದು. ಅದರಾಚೆಯದು? ಅವರ ನಾದಿನಿಯದು, ಅವರೂ ಡಾಕ್ಟರು. ನಮ್ಮ ಜಿಲ್ಲೆಯಲ್ಲಿ ಜ್ವರ ಬಂದವರಿಗೆ ಡಾಕ್ಟರು ಸಿಗುವುದಿಲ್ಲ ಎಂದು ಜನ ಸುಮ್ಮನೆ ಕೂಗಾಡುತ್ತಾರೆ. ಅವರೆಲ್ಲ ಕಾರು ಮಾರುತ್ತಿರುತ್ತಾರೆ.

ನಾನು ಕಾರಿನ ಸುತ್ತ ಕಸುಬುದಾರನ ಗತ್ತಿನಲ್ಲಿ ಒಂದು ಸುತ್ತು ಬಂದೆ. ಮುಂದಿನ ಎಡಗಾಲಿಯ ಮೇಲಿನ ಭಾಗ ನನ್ನನ್ನು ಹಿಡಿದು ನಿಲ್ಲಿಸಿತು. ಎಂಥ ಬಿಳುಪು! ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಉಳಿದ ಮೈ ಸ್ವಲ್ಪ ಹಳದಿಗೆ ತಿರುಗಿದ್ದರೂ ಅಲ್ಲಿ ಮಾತ್ರ ಹಾಲು. "ಇಲ್ಲಿ ನೋಡು, ಎಷ್ಟು ಜ್ವಾಕಿಲೆ ಇಟ್ಟಾರ" ಎಂದು ಸುವರ್ಣಾಳಿಗೆ ತೋರಿಸಿದೆ. ಏಜಂಟ ನನ್ನ ಮುಖವನ್ನೇ ನೋಡಿದ. ಅವನ ಜೀವನದಲ್ಲಿ ಇಂಥ ಗಿರಾಕಿ ಮೊದಲ ಸಲ ಸಿಕ್ಕಿರಬೇಕು. "ಸರ, ನಿಮ್ಮ ಕಣ್ಣು ಭಾಳ ಸೂಕ್ಷ್ಮ ಐತ್ರಿ" ಎಂದ. ಆ ಮಾತಿಗೆ ನಾನು ಅರ್ಧ ಮಾರಾಟವಾಗಿಬಿಟ್ಟೆ.

ನಮ್ಮ ಜೊತೆ ಬಾಳಪ್ಪ ಕಾಕಾ ಬಂದಿದ್ದ. ಕಾಕಾ ನಮ್ಮಪ್ಪನ ತಮ್ಮ, ಮೇಲವಂಕಿಯಲ್ಲಿ ಇರುತ್ತಾನೆ. ಅಪ್ಪ ತೀರಿದ ಮೇಲೆ ನನ್ನನ್ನು ಓದಿಸಿದವನು ಅವನೇ. ಡ್ರಾಯಿಂಗ್ ಪರೀಕ್ಷೆಯ ದಿನ ಬಸ್ಸು ತಪ್ಪಿದಾಗ ಚಕ್ಕಡಿ ಕಟ್ಟಿಕೊಂಡು ಗೋಕಾಕದವರೆಗೆ ಎತ್ತುಗಳನ್ನು ಓಡಿಸಿ ನನ್ನನ್ನು ಮುಟ್ಟಿಸಿದವನು. ದನದ ಪೇಟೆಯಲ್ಲಿ ಅವನ ಮಾತಿಗೆ ಬೆಲೆ ಇದೆ. ಎತ್ತು ಕೊಳ್ಳುವವರು ಅವನನ್ನು ಕರೆದುಕೊಂಡು ಹೋಗುತ್ತಾರೆ, ಅವನು 'ಹೂಂ' ಅಂದರೆ ಕೊಳ್ಳುತ್ತಾರೆ. ನಮ್ಮ ಕಡೆ ಏನೇ ದೊಡ್ಡ ವ್ಯವಹಾರವಿದ್ದರೂ ಹಿರಿಯರೊಬ್ಬರು ಜೊತೆಗೆ ಇರಬೇಕು. ಹಾಗಾಗಿ ಕಾರಿಗೂ ಅವನನ್ನೇ ಕರೆದಿದ್ದೆ. ಬರೀ ಶಾಸ್ತ್ರಕ್ಕೆ ಕರೆದದ್ದು ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವನು ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡು, ಅದರ ಕೆಳಗೆ ಬೆರಳು ಹಿಡಿದು ಚೌಕಾಸಿ ಮಾಡಲು ತಯಾರಾಗಿ ಬಂದಿದ್ದ.

ಕಾಕಾ ಕಾರನ್ನು ಮುಟ್ಟಲಿಲ್ಲ. ದೂರದಲ್ಲಿ ನಿಂತು, "ನಾಕ ಹೆಜ್ಜಿ ಅಡ್ಡಾಡಿಸ್ರಿ ಇದನ್ನ" ಎಂದ. ಯಾರೋ ಗಾಡಿ ತೊಳೆದು ಅಂಗಳದ ಒಂದು ಕಡೆ ಕೆಸರಾಗಿತ್ತು, ಏಜಂಟ ಅದರ ಮೇಲೆಯೇ ಕಾರು ಓಡಿಸಿಕೊಂಡು ಹೋದ. ಕಾಕಾ ಹಿಂದಿನಿಂದ ನೋಡಿದ, ಕುಕ್ಕರಗಾಲಿನಲ್ಲಿ ಕುಳಿತು ಕೆಸರಿನ ಮೇಲಿನ ಗುರುತು ನೋಡಿದ, ಎದ್ದು ಬಂದು ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದ.

"ಲೇ ಈರ್‍ಯಾ, ಒಲ್ಲೆ ಅನ್ನು. ಹಿಂದಿನ ಕಾಲು ಮುಂದಿನ ಕಾಲಿನ ಹೆಜ್ಜ್ಯಾಗ ಬೀಳವಲ್ದು. ಓರೆ ನಡಿತೈತಿ. ಮುಂದಿನ ಎಡಗಾಲು ಊನ ಐತಿ. ಎಲ್ಲೋ ಬಿದ್ದೆದ್ದ ಜೀವ ಇದು."

ಕಾಕಾನಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ಏಜಂಟನೂ ಅವನ ಮಂದಿಯೂ ಕೇಳಿಸಿಕೊಂಡು ಕಿಸಕ್ಕನೆ ನಕ್ಕರು. ನನಗೆ ಮರ್ಯಾದೆ ಹೋದಂತಾಯಿತು. ಸೂಕ್ಷ್ಮ ಕಣ್ಣಿನವನೆಂದು ಈಗ ತಾನೇ ಹೆಸರು ಪಡೆದ ನಾನು, ಕಾರಿನ ಕಾಲು ನೋಡುವ ಮುದುಕನ ಜೊತೆ ಬಂದವನು ಎಂದಾಗುವುದು ಹೇಗೆ? ನಾನೂ ಅವರ ಜೊತೆ ನಕ್ಕು, ಅವರಿಗೆ ಕೇಳುವಂತೆ ಹೇಳಿದೆ: "ಕಾಕಾ, ಇದಕ್ಕ ಗೊರಸಿಲ್ಲ, ಗಾಲಿ ಅದಾವ. ಹಲ್ಲೂ ಎಣಿಸಿಬಿಡು ಮತ್ತ. ನೀ ಸುಮ್ಮ ಕುಂದ್ರು, ಇದು ದನದ ಪ್ಯಾಟಿ ಅಲ್ಲ."

ಮಂದಿ ಇನ್ನೂ ಜೋರಾಗಿ ನಕ್ಕರು. ಕಾಕಾ ನಗಲಿಲ್ಲ. ಹೆಗಲ ಮೇಲಿನ ಟವೆಲನ್ನು ತೆಗೆದು ಒಮ್ಮೆ ಝಾಡಿಸಿ ಮತ್ತೆ ಹಾಕಿಕೊಂಡ. ಸುವರ್ಣಾಳಿಗೆ, "ಬರ್ತೇನಿ ತಂಗಿ" ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಕಾರಿನಲ್ಲಿ ಮನೆಗೆ ಬಿಡುತ್ತೇನೆ ಎಂದು ಕೂಗಿದರೂ ತಿರುಗಿ ನೋಡಲಿಲ್ಲ. ಸುವರ್ಣಾ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ, ಮದುವೆಯಾದವರಿಗೆ ಅದು ಗೊತ್ತು. ನಾನು ಅಂದೇ ಕಾಗದಕ್ಕೆ ಸಹಿ ಹಾಕಿದೆ.

ಮನೆ ಮುಂದೆ ಪೂಜೆ ಮಾಡಿ ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟೆವು. ಮೂರು ಅಪ್ಪಚ್ಚಿಯಾದವು. ಮುಂದಿನ ಎಡಗಾಲಿಯದು ಮಾತ್ರ ಪುಸಕ್ಕನೆ ಜಾರಿ, ಅಂಗಳ ದಾಟಿ, ಪಕ್ಕದ ಮನೆಯ ತುಳಸಿಕಟ್ಟೆಯ ಬುಡ ಸೇರಿತು. "ಶುಭ" ಎಂದೆ ನಾನು. ಏನಾದರೂ ಹೇಳಲೇಬೇಕಿತ್ತು.

ಮರುದಿನದಿಂದ ಕಾರು ತನ್ನ ಮನಸ್ಸಿನಲ್ಲಿದ್ದುದನ್ನು ತೋರಿಸತೊಡಗಿತು. ಅದಕ್ಕೆ ಎಡಗಡೆ ಬಹಳ ಪ್ರೀತಿ. ಸ್ಟೇರಿಂಗ್ ಚಕ್ರ ಒಂದಿಷ್ಟು ಸಡಿಲ ಬಿಟ್ಟರೆ ಎಡಕ್ಕಿರುವ ಚಹದಂಗಡಿ, ಹಾಲಿನ ಡೇರಿ, ಗೋವಿನಜೋಳದ ಹೊಲ, ಯಾವುದಾದರೂ ಸರಿ, ಅತ್ತ ಹೊರಡುತ್ತಿತ್ತು. ನೇರ ಹೋಗಬೇಕಾದರೆ ಬಲಕ್ಕೆ ಒಂದು ಗೇಣು ತಿರುಗಿಸಿ ಹಿಡಿದಿರಬೇಕು. ಅದು ನನಗೆ ಎಷ್ಟು ರೂಢಿಯಾಯಿತೆಂದರೆ ನಮ್ಮ ಹೆಡ್‌ಮಾಸ್ತರರ ನೆಟ್ಟಗಿನ ಕಾರನ್ನು ಒಮ್ಮೆ ಓಡಿಸಲು ಹೋಗಿ ಎದುರಿಗೆ ಬರುವ ಕಬ್ಬಿನ ಟ್ರ್ಯಾಕ್ಟರಿಗೆ ಸನ್ಮಾನ ಮಾಡಲು ಹೊರಟಿದ್ದೆ. ಅಂದಿನಿಂದ ಅವರು ಕೀಲಿಯನ್ನು ಸೊಂಟಕ್ಕೇ ಕಟ್ಟಿಕೊಳ್ಳುತ್ತಾರೆ. ಸುವರ್ಣಾ ಒಂದು ವಾರ ಓಡಿಸಿ, "ಬಸ್ಸಿನ್ಯಾಗ ಕಾಲ ನೋಯ್ತಿತ್ತು, ಇದರಾಗ ರಟ್ಟಿ" ಎಂದು ತಿರುಗಿ ಬಸ್ಸು ಹತ್ತಿದಳು. ಗಾಡಿ ಹೊಸದಾಗಿ ಕೈಗೆ ಬಂದಾಗ ಹಾಗಾಗುತ್ತದೆ, ಡಾಕ್ಟರ ಕೈಯ ರೂಢಿ ಬಿಡಬೇಕಲ್ಲ ಎಂದು ನಾನು ಸಮಜಾಯಿಷಿ ಕೊಟ್ಟೆ.

ಇದನ್ನೆಲ್ಲ ನಾನು ತಡೆದುಕೊಳ್ಳುತ್ತಿದ್ದೆ. ತಡೆಯಲಾಗದ್ದು ಕಾಕಾನ ಮಾತು. ಜಗಳವಾಡಿದ್ದರೆ, ಬೈದಿದ್ದರೆ ಒಂದು ಚಹಕ್ಕೆ ಮುಗಿಯುತ್ತಿತ್ತು. ಸಂಬಂಧಿಕರ ಮನೆಯ ಕೂಸಿನ ತೊಟ್ಟಿಲ ದಿನ ಎದುರಾದಾಗ ಕಾಕಾ ಎರಡೂ ಕೈ ಜೋಡಿಸಿ, "ನಮಸ್ಕಾರ್‍ರಿ ಮಾಸ್ತರ. ಬರ್‍ರಿ, ಕುಂದರ್‍ರಿ. ಆರಾಮ ಅದೀರಿ?" ಎಂದ. ಹುಟ್ಟಿದಾಗಿನಿಂದ ನನ್ನನ್ನು ಲೇ ಈರ್‍ಯಾ ಎನ್ನದೆ ಬೇರೆ ಹೆಸರಿನಿಂದ ಕರೆಯದ ಬಾಯಿ ಅದು. ತುಂಬಿದ ಮನೆಯಲ್ಲಿ ಅವನು ನನಗೆ ಅಷ್ಟು ಮರ್ಯಾದೆ ಕೊಟ್ಟದ್ದನ್ನು ಕೇಳಿ, ಹೊರಗಿನವರ ಹಾಗೆ ಚಾಪೆಯ ತುದಿಗೆ ಕುಳಿತೆ. ಊಟಕ್ಕೆ ಕುಳಿತಾಗ ಹೋಳಿಗೆ ನನ್ನ ಕಡೆ ಸರಿಸಿ, "ತಗೊಳ್ರಿ, ಸಂಕೋಚ ಮಾಡಬ್ಯಾಡ್ರಿ" ಎಂದ. ತಪ್ಪಾಯಿತು ಕಾಕಾ ಎನ್ನಬೇಕಿತ್ತು. ಆದರೆ ಹಾಗೆಂದರೆ ಕಾರಿನದೂ ತಪ್ಪು ಎಂದಾಗುತ್ತದಲ್ಲ! ಹೋಳಿಗೆ ಹಾಗೇ ಬಿಟ್ಟು ಕೈ ತೊಳೆದೆ.

ಸತ್ಯ ಹೊರಗೆ ಬಂದದ್ದು ವಿಜ್ಞಾನದ ಕೃಪೆಯಿಂದ. ಒಂದು ರವಿವಾರ ಸುವರ್ಣಾ ಶಾಲೆಯ ಪ್ರಯೋಗದ ಪೆಟ್ಟಿಗೆಯಿಂದ ತಂದ ಅಯಸ್ಕಾಂತ ಹಿಡಿದು ಅಂಗಳಕ್ಕೆ ಬಂದಳು. ಬಾಗಿಲಿಗೆ ಹಚ್ಚಿದಳು, ಟಕ್ ಎಂದು ಹಿಡಿಯಿತು. ಬಾನೆಟ್ಟಿಗೆ ಹಚ್ಚಿದಳು, ಹಿಡಿಯಿತು. ನಾನು ಹಾಲು ಎಂದು ಹೊಗಳಿದ್ದ ಜಾಗಕ್ಕೆ ಹಚ್ಚಿದಳು, ಅದು ಸರಕ್ಕನೆ ಜಾರಿ ಅವಳ ಕಾಲ ಬಳಿ ಬಿತ್ತು. ಮತ್ತೊಮ್ಮೆ ಹಚ್ಚಿದಳು, ಮತ್ತೆ ಬಿತ್ತು.

"ಇಲ್ಲಿ ತಗಡ ಇಲ್ರಿ. ಇದ್ರೂ ಭಾಳ ಒಳಗ ಐತಿ. ಮ್ಯಾಲ ಬೆರಳ ಗಾತ್ರ ಪುಟ್ಟಿ ಮೆತ್ಯಾರ" ಎಂದಳು. ಪಾಠ ಮಾಡುವಾಗ ಅವಳ ದನಿ ಹೇಗಿರುತ್ತದೆಂದು ನನಗೆ ಆವತ್ತು ಗೊತ್ತಾಯಿತು.

ಮೂಡಲಗಿಯ ಮೆಕ್ಯಾನಿಕ್ ರಾಜಾಸಾಬ ಕಾರನ್ನು ಮೇಲೆತ್ತಿ, ಅಡಿಗೆ ಹೋಗಿ, ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವನು ಕೈ ಒರೆಸಿಕೊಳ್ಳುತ್ತ ಸಂತಾಪ ಸೂಚಿಸುವವರ ಹಾಗೆ ನಿಂತ. "ಸರ, ಇದು ಜೋರ ಬಡದ ಗಾಡಿರಿ. ಅಡಿ ಚೌಕಟ್ಟು, ಚಾಸಿ, ಎಳದು ನೆಟ್ಟಗ ಮಾಡ್ಯಾರ, ಆದರ ನೆಟ್ಟಗ ಆಗಿಲ್ಲ. ಹಿಂದಿನ ಗಾಲಿ ಮುಂದಿನ ಗಾಲಿ ಗೆರಿಯಾಗ ಬರಂಗಿಲ್ರಿ. ತಗೊಳ್ಳುವಾಗ ಯಾರೂ ಹೇಳಲಿಲ್ಲೇನ್ರಿ?"

ನಾನು ಗೋಡೆಗೆ ತೂಗುಹಾಕಿದ ಟೈರುಗಳನ್ನು ನೋಡತೊಡಗಿದೆ. "ಹೇಳಿದ್ರು" ಎಂದಳು ಸುವರ್ಣಾ.

ಹುಕ್ಕೇರಿಗೆ ಹೋಗಿ ಏಜಂಟನನ್ನು ಹಿಡಿದೆ. ಅವನು ಪಾಪ, ಏನನ್ನೂ ಮುಚ್ಚಿಡಲಿಲ್ಲ. "ಅಪಘಾತ ಅಲ್ರಿ ಸರ, ಸಣ್ಣ ಟಚ್ ಆಗಿತ್ರಿ" ಎಂದ. ಯಾವುದಕ್ಕೆ? "ಕಬ್ಬಿನ ಟ್ರೇಲಿಗಿರಿ. ಅದು ನಿಂತಿತ್ರಿ ಸರ, ಈ ಗಾಡಿನ ಹೋಗಿ ಟಚ್ ಆತ್ರಿ." ಹಾಗಾದರೆ ಮನೆಯಿಂದ ದವಾಖಾನೆ, ದವಾಖಾನೆಯಿಂದ ಮನೆ ಎಂದದ್ದು? "ಖರೆ ಐತ್ರಿ. ದವಾಖಾನಿ ದೂರ ಇತ್ರಿ." ಆ ಲೇಡಿ ಡಾಕ್ಟರಿಗೆ ಪೆಟ್ಟಾಯಿತೇ ಎಂದು ಕೇಳಿದಾಗ ಅವನು ಸ್ವಲ್ಪ ನಾಚಿಕೊಂಡು, ಡಾಕ್ಟರು ಲೇಡಿಯಲ್ಲ, ಗಂಡಸು, ಅದೂ ದನದ ಡಾಕ್ಟರು ಎಂದ. ಹಾಗಿದ್ದರೆ ನಮ್ಮ ಕಾಕಾ ನಡೆಸಿದ ತಪಾಸಣೆ ಸರಿಯಾದ ಇಲಾಖೆಯದೇ ಆಗಿತ್ತು! "ನೀವ ನೋಡಿ ತಗೊಂಡೀರಲ್ರಿ ಸರ, ನಿಮ್ಮ ಕಣ್ಣಿಗೆ ನಾವೇನ ಹೇಳೋದ್ರಿ" ಎಂದು ಚಹ ತರಿಸಿದ. ಕುಡಿದು ಬಂದೆ.

ಈಗ ನನ್ನ ಮುಂದೆ ಎರಡು ದಾರಿ ಇದ್ದವು. ಒಂದು, ಮೇಲವಂಕಿಗೆ ಹೋಗಿ ಕಾಕಾನ ಮುಂದೆ ತಪ್ಪಾಯಿತು ಎನ್ನುವುದು. ಇನ್ನೊಂದು, ಕಾರನ್ನು ಯಾರಿಗಾದರೂ ದಾಟಿಸಿ, ಅದು ಇತ್ತೆಂಬುದನ್ನೇ ಮರೆತುಬಿಡುವುದು. ಸುಲಭದ್ದನ್ನು ಆರಿಸಿಕೊಂಡೆ. ಕೌಜಲಗಿಯ ಕಿರಾಣಿ ಅಂಗಡಿಯ ಶಿವಪುತ್ರಪ್ಪ ಎಂಬವರು ಸುದ್ದಿ ಕೇಳಿ ಫೋನ್ ಮಾಡಿ, ಸೋಮವಾರ ಬಂದು ನೋಡುತ್ತೇನೆಂದರು. ನಾನು ಬಾಯಿ ತೆರೆದೆ, ನನ್ನ ಬಾಯಿಂದಲೇ ಬಂತು: "ಮಾಸ್ತರ ಗಾಡಿರಿ. ಮನಿಯಿಂದ ಸಾಲಿ, ಸಾಲಿಯಿಂದ ಮನಿ." ಅಡಿಗೆಮನೆಯಲ್ಲಿ ಪಾತ್ರೆಯೊಂದು ಜೋರಾಗಿ ಬಿತ್ತು. ತಾನಾಗಿ ಬಿದ್ದದ್ದಲ್ಲ.

ಪುಟ್ಟಿಯ ಮೇಲೆ ಕೂದಲೆಳೆಯಷ್ಟು ಬಿರುಕು ಕಾಣತೊಡಗಿತ್ತು. ರವಿವಾರ ಸಂಜೆ ಅಪ್ಪನ ಕುಂಚ ಹುಡುಕಿ, ಬಿಳಿಗೆ ಒಂದು ತೊಟ್ಟು ಹಳದಿ ಬೆರೆಸಿ, ಉಸಿರು ಬಿಗಿಹಿಡಿದು ಹಚ್ಚಿದೆ. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ನಾನು ಬಣ್ಣ ಕೂಡಿಸಿದ್ದೇ ಇಲ್ಲ. ಆಮೇಲೆ ಅಂಗಳದಲ್ಲಿ ಕೆಸರಿದ್ದ ಕಡೆಯಲ್ಲೆಲ್ಲ ಮಣ್ಣು ಸುರಿದು ಒಣಗಿಸಿದೆ, ಗಾಲಿಯ ಗುರುತು ಮೂಡಬಾರದೆಂದು.

ಸೋಮವಾರ ಬೆಳಿಗ್ಗೆ, ನಾನು ಶಾಲೆಗೆ ಹೊರಡುವ ಮೊದಲೇ ಶಿವಪುತ್ರಪ್ಪ ಬಂದರು, ಜೊತೆಗೆ ಕಾಲೇಜು ಓದುವ ಮಗಳು. "ಈಕಿ ಹೊಡಿತಾಳ್ರಿ ಗಾಡಿ. ನಮಗ ಏನೂ ತಿಳಿಯಂಗಿಲ್ಲ, ಅದಕ ತಿಳದವರೊಬ್ಬರನ್ನ ಕರಕೊಂಡು ಬಂದೇವಿ" ಎಂದರು. ತಿಳಿದವರು ರಿಕ್ಷಾದಿಂದ ಇಳಿದು ಟವೆಲ್ ಸರಿಮಾಡಿಕೊಂಡರು. ಕಾಕಾ! ಹುಕ್ಕೇರಿಯ ಕಥೆಯನ್ನು ಸುವರ್ಣಾ ತನ್ನ ಶಾಲೆಯಲ್ಲಿ ಹೇಳಿದ್ದಳಂತೆ. ಅದು ಬಸ್ಸಿಗೆ ಹತ್ತಿ, ಬಸ್ಸಿನಿಂದ ಸಂತೆಗೆ ಇಳಿದು, ಆರು ತಿಂಗಳಿಂದ ಸುತ್ತಲ ಊರಿನವರು ಹಳೆಯ ಗಾಡಿ ಕೊಳ್ಳುವಾಗ ನಮ್ಮ ಕಾಕಾನನ್ನು ಕರೆದೊಯ್ಯುತ್ತಿದ್ದರಂತೆ. ಎತ್ತಿನ ಪೇಟೆಗಿಂತ ಈಗ ಇದರಲ್ಲೇ ಅವನಿಗೆ ಬಿಡುವಿಲ್ಲವಂತೆ. ನನಗೊಬ್ಬನಿಗೇ ಗೊತ್ತಿರಲಿಲ್ಲ.

"ನಮಸ್ಕಾರ್‍ರಿ ಮಾಸ್ತರ" ಎಂದು ಕಾಕಾ ಕಟ್ಟೆಯ ಮೇಲೆ ಕುಳಿತ. ಕಾರನ್ನು ನೋಡಲಿಲ್ಲ. ನಾನು ಸುರಿದ ಒಣ ಮಣ್ಣನ್ನು ಮಾತ್ರ ಒಮ್ಮೆ ನೋಡಿದ. ಶಿವಪುತ್ರಪ್ಪ ಅವಸರ ಮಾಡಿದಾಗ ಹೇಳಿದ: "ತಡೀರಿ ಸಾವ್ಕಾರ. ನಮ್ಮ ಪ್ಯಾಟ್ಯಾಗ ಒಂದ ಪದ್ಧತಿ ಐತಿ. ಮಾರಾವ ಮೊದಲ ದನದ ಮೈ ಮ್ಯಾಲ ಕೈ ಇಟ್ಟು, ಊನ ಐತೋ ಇಲ್ಲೋ ಬಾಯಿಬಿಟ್ಟ ಹೇಳಬೇಕು. ಆಮೇಲೆ ನಾವು ನೋಡೋದು. ಇಡ್ರಿ ಮಾಸ್ತರ ಕೈ."

ನಾನು ಹೋಗಿ ಮುಂದಿನ ಎಡಗಾಲಿಯ ಮೇಲಿನ ಆ ಬಿಳಿ ಜಾಗಕ್ಕೆ ಕೈ ಇಟ್ಟೆ. ಇಲ್ಲ ಎನ್ನಬೇಕೆಂದೇ ಇಟ್ಟದ್ದು. ಆ ಹುಡುಗಿ ಆಗಲೇ ಕಿಟಕಿಯೊಳಗೆ ಇಣುಕಿ, ಇದು ತನ್ನದೇ ಎಂಬಂತೆ ಸೀಟಿನ ಬಣ್ಣ ನೋಡುತ್ತಿದ್ದಳು. ಕಾಕಾ ನೆಲ ನೋಡುತ್ತಿದ್ದ. ನಾನು ಸುಳ್ಳು ಹೇಳಿದ್ದರೆ ಅವನು ಎದ್ದು ನನ್ನನ್ನು ಬಯಲು ಮಾಡುತ್ತಿದ್ದನೋ, ಇಲ್ಲ ಅಣ್ಣನ ಮಗನೆಂದು ಬಾಯಿ ಮುಚ್ಚಿಕೊಳ್ಳುತ್ತಿದ್ದನೋ, ನನಗೆ ಇಂದಿಗೂ ಗೊತ್ತಿಲ್ಲ. ಎರಡನೆಯದಾಗುತ್ತದೇನೋ ಎಂದು ನನಗೆ ಹೆದರಿಕೆಯಾಯಿತು.

"ಊನ ಐತ್ರಿ" ಎಂದೆ. "ಮುಂದಿನ ಎಡಗಾಲು. ಕಬ್ಬಿನ ಟ್ರೇಲಿಗೆ ಬಡದೈತಿ. ಓರೆ ನಡಿತೈತಿ. ನಮ್ಮ ಕಾಕಾ ಮೊದಲ ದಿನಾನ ಹೇಳಿದ್ದ. ನಾ ನಾಕ ಮಂದಿ ಮುಂದ ಅವನ್ನ ನಗ್ಯಾಡಿದೆ. ತಪ್ಪಾತು ಕಾಕಾ."

ಶಿವಪುತ್ರಪ್ಪ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಸತ್ಯ ಹೇಳಿದವನಿಗೆ ಗೌರವ ಸಿಗುತ್ತದೆ ಎಂದು ನೀವು ಓದಿರಬಹುದು. ಅವರು ಮಗಳನ್ನು ಪಕ್ಕಕ್ಕೆ ಕರೆದು, "ಬಾಯಿಲೆ ಇಷ್ಟ ಹೇಳಾವ ಒಳಗ ಇನ್ನೆಷ್ಟ ಇಟ್ಟಾನೋ, ನಡಿ ನಡಿ" ಎಂದು ರಿಕ್ಷಾ ಹತ್ತಿ ಹೊರಟೇಹೋದರು. ಮುಂದಿನ ವಾರ ಹುಕ್ಕೇರಿಗೆ ಹೋಗಿ, ಯಾರನ್ನೂ ಜೊತೆಗೆ ಕರೆಯದೆ, ಕೆಂಪು ಕಾರು ಕೊಂಡರಂತೆ. ಲೇಡಿ ಡಾಕ್ಟರದ್ದು, ಒಬ್ಬರ ಕೈಯಲ್ಲಿ ಓಡಿದ್ದು.

ಅಂಗಳದಲ್ಲಿ ನಾನೂ ಕಾಕಾನೂ ಉಳಿದೆವು. ಕಾರಿನಿಂದ ಕೈ ತೆಗೆದರೆ ಅಂಗೈ ತುಂಬ ಬಿಳಿ ಬಣ್ಣ. ಶ್ರಾವಣದ ತಂಪು ಹವೆಗೆ ನನ್ನ ಕಲೆ ಒಣಗಿರಲಿಲ್ಲ. ಕಾಕಾ ನನ್ನ ಅಂಗೈ ನೋಡಿದ, ಕಾರಿನ ಮೇಲೆ ಮೂಡಿದ ಐದು ಬೆರಳು ನೋಡಿದ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಆಮೇಲೆ ಟವೆಲಿನಿಂದ ಕಣ್ಣೊರೆಸಿಕೊಂಡು, "ಲೇ ಈರ್‍ಯಾ, ನಿಮ್ಮಪ್ಪ ಬಣ್ಣ ಹಚ್ಚಿದ್ರ ಒಣಗಿಸಿ ಮಾರ್ತಿದ್ದಪಾ" ಎಂದ. ಒಂದು ವರ್ಷದ ಮೇಲೆ ಆ ಲೇ ಕೇಳಿ ನನಗೆ ಅಳು ಬಂತು. ಬಂದದ್ದನ್ನು ಬಿಳಿ ಕೈಯಿಂದಲೇ ಒರೆಸಿಕೊಂಡೆ.

ರಾಜಾಸಾಬ ಚಾಸಿಯನ್ನು ಮತ್ತೊಮ್ಮೆ ಎಳೆಸಿ ಮುಕ್ಕಾಲು ಪಾಲು ನೆಟ್ಟಗೆ ಮಾಡಿಕೊಟ್ಟಿದ್ದಾನೆ. ಸುವರ್ಣಾ ಅರಭಾವಿಗೆ ಅದರಲ್ಲೇ ಹೋಗುತ್ತಾಳೆ, ಮೆಲ್ಲಗೆ. ಮೊನ್ನೆ ರವಿವಾರ ಕಾಕಾನನ್ನು ಊರಿಗೆ ಬಿಡಲು ಮೂವರೂ ಹೊರಟೆವು. ಅವನು ಈ ಕಾರು ಹತ್ತಿದ್ದು ಅದೇ ಮೊದಲು. ನನ್ನ ಹಿಂದೆ ಬಲಗಡೆಗೇ ಕುಳಿತ, ಎಡಗಾಲಿಗೆ ಭಾರ ಬೀಳಬಾರದೆಂದು. ನಾನು ಇಳಿದು ಗೇಟು ತೆರೆದು ತಿರುಗಿ ಬರುವುದನ್ನು ಕಿಟಕಿಯಿಂದಲೇ ನೋಡುತ್ತಿದ್ದ.

"ಲೇ, ನೀನೂ ಎಡಕ್ಕ ಎಳೀತಿಯಲ್ಲೋ" ಎಂದ.

"ನಾ ಯಾವ ಟ್ರೇಲಿಗೂ ಬಡದಿಲ್ಲ ಕಾಕಾ."

"ಎಲ್ಲೆ ಬಣ್ಣ ಹೊಸಾದು ಇರತೈತಿ, ಅಲ್ಲೇ ಪೆಟ್ಟು ಬಿದ್ದಿರತೈತಿ" ಎಂದು ಕಾಕಾ ನನ್ನ ಮೀಸೆಯನ್ನೇ ನೋಡುತ್ತ ಹೇಳಿದ. ಹದಿನೈದು ದಿನಕ್ಕೊಮ್ಮೆಯ ಕರಿ ಬಣ್ಣವನ್ನು ಹಿಂದಿನ ದಿನವಷ್ಟೇ ಹಚ್ಚಿಕೊಂಡಿದ್ದೆ.

ಮುಂದೆ ಕುಳಿತಿದ್ದ ಸುವರ್ಣಾ ಚೀಲಕ್ಕೆ ಕೈ ಹಾಕಿದಳು. "ಅಯಸ್ಕಾಂತ ಇಲ್ಲೇ ಐತ್ರಿ ಕಾಕಾ, ಹಚ್ಚಿ ನೋಡೂಣೇನ?"

ನಾನು ಒಂದು ಕೈಯಿಂದ ಮೀಸೆ ಮುಚ್ಚಿಕೊಂಡು, ಇನ್ನೊಂದರಿಂದ ಚಕ್ರವನ್ನು ಬಲಕ್ಕೆ ಹಿಡಿದು, ಗಾಡಿ ಬಿಟ್ಟೆ.